ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ವಿಮಾನದ ಭಾಗ ತಯಾರಿಸಬಹುದು



ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದಾಳೆಯೇ? ‘ಮುಂದೇನು?’ ಎಂದು ಯಾರಾದರೂ ಕೇಳಿದರೆ ‘ನೋಡೋಣ’ ಎಂದು ಸುಮ್ಮನಾಗುತ್ತೀರಾ? ಆ ‘ನೋಡೋಣ’ದಲ್ಲೇ ಒಂದು ವರ್ಷ ಕಳೆದು, ಹುಲ್ಲು ತರುವುದು, ಹಸು ಕಟ್ಟುವುದು ಅವಳ ಪಾಲಿಗೆ ಬರುತ್ತದೆ. ಆಮೇಲೆ ಗಂಡು ನೋಡುವ ಮಾತು ಶುರುವಾಗುತ್ತದೆ. ಹಾಗಾಗುವ ಮೊದಲು ನಮ್ಮ ಹಳ್ಳಿಗಳಲ್ಲಿ ಹೆಚ್ಚು ಜನ ಕೇಳಿರದ ಒಂದು ಕಸುಬಿನ ಬಗ್ಗೆ ತಿಳಿದುಕೊಳ್ಳಿ. ಅದು ಕಾಂಪೊಸಿಟ್ ತಂತ್ರಜ್ಞರ ಕೆಲಸ.

ಕಾಂಪೊಸಿಟ್ ಎಂದರೇನು?

ಹೆಸರು ಹೊಸದು, ವಿಷಯ ಹಳೆಯದು. ಗೋಡೆ ಕಟ್ಟುವ ಮಣ್ಣಿಗೆ ಹುಲ್ಲು ಸೇರಿಸಿ ಕಲಸುವುದನ್ನು ನೀವು ನೋಡಿದ್ದೀರಿ. ಬರೀ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಬರೀ ಹುಲ್ಲಿನಲ್ಲಿ ಗೋಡೆ ನಿಲ್ಲುವುದಿಲ್ಲ. ಎರಡೂ ಸೇರಿದರೆ ಗಟ್ಟಿ. ಕಾಂಪೊಸಿಟ್ ಕೂಡ ಹೀಗೆಯೇ. ಹುಲ್ಲಿನ ಜಾಗದಲ್ಲಿ ಗಾಜಿನ ಅಥವಾ ಕಾರ್ಬನ್ನಿನ ತೆಳು ಎಳೆಗಳು, ಮಣ್ಣಿನ ಜಾಗದಲ್ಲಿ ರೆಸಿನ್ ಎಂಬ ಅಂಟು.

ಕೊಟ್ಟಿಗೆಗೆ ಬೆಳಕು ಬರಲೆಂದು ಹಾಕುವ ಫೈಬರ್ ಶೀಟ್, ಬಚ್ಚಲುಮನೆಯ ಫೈಬರ್ ಬಾಗಿಲು, ಹೊಳೆಯಲ್ಲಿ ಓಡಾಡುವ ಫೈಬರ್ ತೆಪ್ಪ, ಇವೆಲ್ಲ ಗಾಜಿನ ಎಳೆಯ ಕಾಂಪೊಸಿಟ್‌ಗಳು. ಚಿತ್ರದುರ್ಗ, ಗದಗದ ಕಡೆ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳಲ್ಲೂ ಇರುವುದು ಮುಖ್ಯವಾಗಿ ಇದೇ.

ಕಾರ್ಬನ್ ಎಳೆಯದು ಇನ್ನೂ ಮೇಲ್ಮಟ್ಟದ ವಸ್ತು. ಅದರ ತೂಕ ಉಕ್ಕಿನ ಸುಮಾರು ಐದನೇ ಒಂದು ಭಾಗ ಮಾತ್ರ, ಬಲ ಮಾತ್ರ ಬಹಳ. ಆದ್ದರಿಂದಲೇ ವಿಮಾನಕ್ಕೆ ಅದು ಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ನಮ್ಮ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45 ಭಾಗ ಕಾಂಪೊಸಿಟ್. ಅದರ ಹಿಂದೆ ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಮತ್ತು ಎಚ್‌ಎಎಲ್ ಕಾರ್ಖಾನೆಗಳ ಕೆಲಸವಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳನ್ನೂ ಕಾಂಪೊಸಿಟ್‌ನಿಂದಲೇ ಮಾಡುತ್ತಾರೆ. ದೂರದ ದೇಶದ ಕೆಲಸವಲ್ಲ ಇದು, ನಮ್ಮ ರಾಜ್ಯದಲ್ಲೇ ಇದೆ.

ನಿಮಗೆ ಗೊತ್ತಿರುವ ಶಿಸ್ತೇ

‘ವಿಮಾನದ ಕೆಲಸ, ನಮ್ಮಂಥವರಿಗೆ ಎಲ್ಲಿ?’ ಎನ್ನಬೇಡಿ. ಈ ಕೆಲಸದಲ್ಲಿ ಮುಖ್ಯವಾದದ್ದು ಶುಚಿ, ತಂಪು, ಹೊತ್ತು ಮತ್ತು ಲೆಕ್ಕ. ಇವು ನಾಲ್ಕೂ ನಿಮಗೆ ಹಾಲು ಕಲಿಸಿದ ಪಾಠಗಳು.

ರೆಸಿನ್ ಮೊದಲೇ ಸವರಿದ ಕಾರ್ಬನ್ ಹಾಳೆಯನ್ನು ಮೈನಸ್ 18 ಡಿಗ್ರಿಯಲ್ಲಿ ಇಡಬೇಕು. ಹೊರಗೆ ಇಟ್ಟರೆ ನಿಧಾನವಾಗಿ ಗಟ್ಟಿಯಾಗತೊಡಗುತ್ತದೆ. ಕರೆದ ಹಾಲನ್ನು ಬಿಸಿಲಲ್ಲಿ ಇಟ್ಟಂತೆ! ಆದ್ದರಿಂದ ಯಾವ ಹಾಳೆ ಎಷ್ಟು ಗಂಟೆ ಹೊರಗಿತ್ತು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಮಿತಿ ಮೀರಿದರೆ ಆ ಹಾಳೆಯನ್ನು ವಿಮಾನಕ್ಕೆ ಬಳಸುವಂತಿಲ್ಲ. ತಂಪಿನಿಂದ ತೆಗೆದ ಕೂಡಲೇ ಚೀಲ ಬಿಚ್ಚುವಂತೆಯೂ ಇಲ್ಲ. ತಣ್ಣನೆ ಪಾತ್ರೆಯ ಮೇಲೆ ನೀರು ಕೂರುವ ಹಾಗೆ ಹಾಳೆಯ ಮೇಲೂ ತೇವ ಕೂರುತ್ತದೆ. ಅದಕ್ಕೆ ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು.

ಆಮೇಲೆ ಹಾಳೆಯನ್ನು ಕತ್ತರಿಸಿ, ಅಚ್ಚಿನ ಮೇಲೆ ಒಂದರ ಮೇಲೊಂದು ಪದರ ಹಾಕುತ್ತಾರೆ. ಸೌದೆ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲ ಅಲ್ಲವೇ? ಎಳೆಯ ಬಲವೂ ಉದ್ದಕ್ಕೇ. ಎಲ್ಲ ಕಡೆಗೂ ಬಲ ಬರಲೆಂದು ಒಂದು ಪದರ ನೇರ, ಇನ್ನೊಂದು ಅಡ್ಡ, ಮತ್ತೊಂದು 45 ಡಿಗ್ರಿ ಓರೆ, ಹೀಗೆ ನಕ್ಷೆಯಲ್ಲಿರುವಂತೆ ಹಾಕಬೇಕು. ಒಂದು ಸುಕ್ಕು ಉಳಿದರೂ, ಹಾಳೆಯ ಹಿಂಬದಿಯ ಪ್ಲಾಸ್ಟಿಕ್ ಚೂರು ಒಳಗೆ ಸೇರಿದರೂ ಆ ಭಾಗ ತಿರಸ್ಕೃತವಾಗಬಹುದು. ಒಂದು ಹುಳಿ ಹಾಲು ಇಡೀ ಕ್ಯಾನ್ ಕೆಡಿಸಿದಂತೆ.

ಮುಂದೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಪಂಪಿನಿಂದ ಒಳಗಿನ ಗಾಳಿ ಹೀರಿ, ಆಟೋಕ್ಲೇವ್ ಎಂಬ ಯಂತ್ರದಲ್ಲಿ ಬೇಯಿಸುತ್ತಾರೆ. ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡ ಪ್ರೆಷರ್ ಕುಕ್ಕರ್ ಎಂದುಕೊಳ್ಳಿ. ಬಿಸಿ ಸಾಮಾನ್ಯವಾಗಿ 120ರಿಂದ 180 ಡಿಗ್ರಿ. ಒತ್ತಡ ಕಾರಿನ ಟೈರಿನ ಗಾಳಿಯ ಸುಮಾರು ಮೂರು ಪಟ್ಟು. ಕೊನೆಯಲ್ಲಿ ತಪಾಸಣೆ. ತೆಂಗಿನಕಾಯಿ ತಟ್ಟಿ ಸದ್ದು ಕೇಳಿ ಆರಿಸುತ್ತೀರಲ್ಲ, ಇಲ್ಲೂ ತಟ್ಟಿ ನೋಡುವ ಪರೀಕ್ಷೆ ಇದೆ. ಪದರ ಬಿಟ್ಟಿದ್ದರೆ ಸದ್ದು ಬೇರೆಯಾಗಿ ಬರುತ್ತದೆ. ಗರ್ಭಿಣಿಯರ ಸ್ಕ್ಯಾನಿಂಗ್ ರೀತಿಯಲ್ಲೇ ಶಬ್ದದ ಅಲೆ ಕಳಿಸಿ ಒಳಗಿನ ದೋಷ ಹುಡುಕುವ ಯಂತ್ರಗಳೂ ಇವೆ.

ದಾರಿ ಹೇಗೆ?

ಮೊದಲ ದಾರಿ ಐಟಿಐ. ಹತ್ತನೇ ತರಗತಿ ಪಾಸಾದವರು ಫಿಟ್ಟರ್ ವೃತ್ತಿ ಸೇರಬಹುದು, ಅವಧಿ 2 ವರ್ಷ. ಅಳತೆ, ನಕ್ಷೆ ಓದುವುದು, ಕೊರೆಯುವುದು, ಜೋಡಿಸುವುದು ಎಲ್ಲಕ್ಕೂ ಇದು ತಳಹದಿ. ಪ್ಲಾಸ್ಟಿಕ್ ಪ್ರೊಸೆಸಿಂಗ್ ಆಪರೇಟರ್, ವಿಮಾನದ ರಚನೆ ಮತ್ತು ಉಪಕರಣಗಳ ಫಿಟ್ಟರ್ ಎಂಬ ವೃತ್ತಿಗಳೂ ಪಟ್ಟಿಯಲ್ಲಿವೆ. ಆದರೆ ಅವು ಎಲ್ಲ ಐಟಿಐಗಳಲ್ಲಿ ಸಿಗುವುದಿಲ್ಲ, ವಿಚಾರಿಸಬೇಕು.

ಎರಡನೆಯದು ಡಿಪ್ಲೊಮಾ. ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಮೈಸೂರಿನಲ್ಲಿದೆ. ಹತ್ತನೇ ತರಗತಿಯ ನಂತರ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ 3 ವರ್ಷದ ಡಿಪ್ಲೊಮಾ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆಯಲ್ಲಿ ಕೆಲಸ ಕಲಿಯುವವರಿಗೆ ಶಿಷ್ಯವೇತನ ಕೊಡಬೇಕು. ಎಚ್‌ಎಎಲ್ ಕೂಡ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಪದರ ಹಾಕುವ ಕೈಚಳಕ ಪುಸ್ತಕದಿಂದ ಬರುವುದಿಲ್ಲ, ಹೀಗೆ ಕಾರ್ಖಾನೆಯಲ್ಲಿ ನಿಂತು ಮಾಡಿಯೇ ಬರಬೇಕು. ಒಂದು ಮಾತು ನೆನಪಿರಲಿ: ಅಪ್ರೆಂಟಿಸ್‌ಶಿಪ್ ಮುಗಿಯಿತೆಂದರೆ ಅಲ್ಲೇ ಖಾಯಂ ಕೆಲಸ ಸಿಕ್ಕಿತೆಂದು ಅರ್ಥವಲ್ಲ. ಆದರೆ ಕಲಿತದ್ದಕ್ಕೆ ಪ್ರಮಾಣಪತ್ರ ಕೈಯಲ್ಲಿರುತ್ತದೆ, ಬೇರೆ ಕಡೆ ಅರ್ಜಿ ಹಾಕಲು ಅದೇ ಆಧಾರ.

ಕಷ್ಟವೂ ತಿಳಿದಿರಲಿ

ದಿನವಿಡೀ ನಿಂತು ಮಾಡುವ ಕೆಲಸ. ಕೆಲವು ಕಡೆ ಪಾಳಿ ಇರುತ್ತದೆ. ರೆಸಿನ್ ಬರಿಗೈಗೆ ತಾಗಿದರೆ ಕೆಲವರಿಗೆ ತುರಿಕೆ, ಅಲರ್ಜಿ ಆಗುತ್ತದೆ. ಒಮ್ಮೆ ಅಂಟಿಕೊಂಡ ಅಲರ್ಜಿ ಸುಲಭಕ್ಕೆ ಬಿಡುವುದಿಲ್ಲ. ಕತ್ತರಿಸುವಾಗ, ಉಜ್ಜುವಾಗ ಏಳುವ ದೂಳು ಕಣ್ಣಿಗೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೈಗವಸು, ಮಾಸ್ಕ್, ಕನ್ನಡಕ, ದೂಳು ಹೀರುವ ಯಂತ್ರ ಇಲ್ಲದ ಕಡೆ ಮಗಳನ್ನು ಕಳಿಸಬೇಡಿ. ಇವುಗಳನ್ನು ಕೇಳುವುದು ಅವಳ ಹಕ್ಕು ಎಂದು ಮೊದಲೇ ಹೇಳಿಕೊಡಿ.

ಹಣ ಕಟ್ಟುವ ಮೊದಲು ಕೇಳಿ

• ಸಂಸ್ಥೆಗೆ, ಆ ಕೋರ್ಸಿಗೆ ಸರ್ಕಾರದ ಮಾನ್ಯತೆ ಇದೆಯೇ? ಹತ್ತಿರದ ಸರ್ಕಾರಿ ಐಟಿಐನಲ್ಲಿ ವಿಚಾರಿಸಿದರೆ ತಿಳಿಯುತ್ತದೆ.
• ಪ್ರಮಾಣಪತ್ರ ಕೊಡುವವರು ಯಾರು?
• ಕೈಯಿಂದ ಮಾಡಿ ಕಲಿಯುವ ಯಂತ್ರ, ಅಚ್ಚು ಅಲ್ಲಿವೆಯೇ? ಒಳಗೆ ಹೋಗಿ ನೋಡಿ.
• ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಲಯ ಎಲ್ಲಿ? ರಾತ್ರಿ ಬಸ್ಸು ಇದೆಯೇ?
• ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೊಡುತ್ತಾರೆಯೇ?

‘ಲಕ್ಷ ರೂಪಾಯಿ ಕೊಡಿ, ವಿಮಾನ ಕಾರ್ಖಾನೆಯಲ್ಲಿ ಕೆಲಸ ಗ್ಯಾರಂಟಿ’ ಎನ್ನುವವರು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಹಸು ಮಾರಿ ಅಂಥವರ ಕೈಗೆ ದುಡ್ಡು ಕೊಡಬೇಡಿ.

ಈಗಲೇ ಮಾಡಬೇಕಾದದ್ದು

ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಒಂದು ಫೈಲಿನಲ್ಲಿ ಸೇರಿಸಿಡಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ಐಟಿಐ ಅರ್ಜಿ ಶುರುವಾಗುತ್ತದೆ, ಆಗ ಓಡಾಡಲು ದಿನ ಸಾಲುವುದಿಲ್ಲ. ಉತ್ಪಾದಕರ ಮಕ್ಕಳಿಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯದ ಸೌಲಭ್ಯ ಇದೆಯೇ ಎಂದು ನಿಮ್ಮ ಸಂಘದ ಕಾರ್ಯದರ್ಶಿಯನ್ನೂ ವಿಸ್ತರಣಾಧಿಕಾರಿಯನ್ನೂ ಕೇಳಿ.

ಎಲ್ಲಕ್ಕಿಂತ ಮೊದಲು ಮಗಳನ್ನೇ ಕೇಳಿ. ಅವಳಿಗೆ ಇಷ್ಟವಿದ್ದರೆ, ಅವಳು ಮಾಡುತ್ತಿದ್ದ ಕೊಟ್ಟಿಗೆ ಕೆಲಸವನ್ನು ಎರಡು ವರ್ಷ ಮನೆಯವರೆಲ್ಲ ಹಂಚಿಕೊಳ್ಳಿ, ಅಣ್ಣತಮ್ಮಂದಿರೂ ಸೇರಿ. ಹಾಲಿನ ಬಟವಾಡೆ ನಿಮ್ಮ ಹೆಸರಿನ ಖಾತೆಗೆ ಬರುತ್ತಿದೆ. ಅದರಲ್ಲಿ ಒಂದು ಪಾಲು ಅವಳ ಓದಿಗೆ ಎಂದು ನೀವು ತೀರ್ಮಾನಿಸಿದರೆ ಬೇಡ ಎನ್ನುವವರು ಯಾರು?