ಹದಿನಾಲ್ಕಾಣೆ ಮುಗಿದ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡದಲ್ಲಿರುವಂತೆಯೇ ಮರಾಠಿಯಲ್ಲಿಯೂ ಇದೆ. ಆದರೆ ಎರಡು ಭಾಷೆಗಳ ಹಿರಿಯರೂ ಒಂದು ಮಾತನ್ನು ಹೇಳದೆ ಬಿಟ್ಟಿದ್ದಾರೆ. ಮನೆಯನ್ನು ಕಟ್ಟುವುದು ಬೇರೆ, ಮುಗಿಸುವುದು ಬೇರೆ. ಅಡಿಪಾಯ, ಗೋಡೆ, ಸ್ಲ್ಯಾಬು ಎಂಬ ಹದಿನಾಲ್ಕಾಣೆ ಕೆಲಸವು ಕಣ್ಣೆದುರಿಗೇ ಸರಸರನೆ ಮೇಲೇರುತ್ತದೆ. ಕದ, ನಲ್ಲಿ, ಬಣ್ಣ, ಮೀಟರು, ಮೆಟ್ಟಿಲಿನ ರೇಲಿಂಗು ಎಂಬ ಉಳಿದ ಎರಡಾಣೆ ಕೆಲಸವು ಮಾತ್ರ ಯಜಮಾನನ ಹಣವನ್ನೂ ತಾಳ್ಮೆಯನ್ನೂ ಒಟ್ಟಿಗೇ ಹೀರುತ್ತದೆ. ಆ ಬೇಸರದಲ್ಲಿ ಕೆಲಸ ಮುಗಿಯುವ ಮೊದಲೇ ಹೊಸ ಮನೆಯನ್ನು ಹೊಕ್ಕು ಆರೋಗ್ಯವನ್ನು ಕೆಡಿಸಿಕೊಳ್ಳುವವರು ಕಡಮೆಯೇನಲ್ಲ.

ಪುಣೆಯಿಂದ ದಿವೆ ಘಾಟನ್ನು ಹತ್ತಿ ಸುಮಾರು 30 ಕಿಲೋಮೀಟರು ಹೋದರೆ ಕರ್ಹಾ ನದಿಯ ದಂಡೆಯಲ್ಲಿ ಸಾಸವಡ ಸಿಗುತ್ತದೆ. ಪುರಂದರ ತಾಲೂಕಿನ ಮುಖ್ಯ ಊರಿದು. ಜ್ಞಾನೇಶ್ವರರ ತಮ್ಮನಾದ ಸೋಪಾನದೇವರ ಸಮಾಧಿ ಇಲ್ಲಿದೆ. ಜೇಜುರಿಯ ಖಂಡೋಬನನ್ನು ಮೈಲಾರಲಿಂಗನೆಂದೇ ನಂಬಿ ಹೋಗುವ ಕನ್ನಡಿಗರಿಗೆ ಇದು ದಾರಿಯಲ್ಲಿ ಇಳಿದು ಚಹಾ ಕುಡಿಯುವ ಊರಾಗಿಯೂ, ಅಂಜೂರ-ಸೀತಾಫಲಗಳ ಬುಟ್ಟಿ ಕೊಳ್ಳುವ ಊರಾಗಿಯೂ ಪರಿಚಿತ. ಪೇಶ್ವೆ ಬಾಳಾಜಿ ವಿಶ್ವನಾಥನು 1720ರಲ್ಲಿ ಕಾಲವಾದದ್ದು ಇಲ್ಲಿಯೇ. ಅವನ ಮಗ ಒಂದನೆಯ ಬಾಜೀರಾಯನು 1728ರಲ್ಲಿ ತನ್ನ ಠಾಣ್ಯವನ್ನು ಸಾಸವಡದಿಂದ ಪುಣೆಗೆ ಬದಲಿಸಿದನು. ಅಲ್ಲಿ 1730ರ ಜನವರಿ 10ರಂದು ಶನಿವಾರವಾಡೆಗೆ ಅಡಿಗಲ್ಲು ಬಿತ್ತು. 1732ರ ಜನವರಿ 22ರಂದು ವಾಸ್ತುಶಾಂತಿ ನಡೆಯಿತು. ಖರ್ಚಾದದ್ದು 16,110 ರೂಪಾಯಿ. ಕೋಟೆಗೋಡೆ, ಬುರುಜು, ದರವಾಜೆಗಳ ಕೆಲಸ ಆಮೇಲೆಯೂ ನಡೆದೇ ಇತ್ತು. ಪೇಶ್ವೆಯಂಥ ಪೇಶ್ವೆಯೂ ಪೂರ್ತಿ ಮುಗಿಯದ ಮನೆಯನ್ನೇ ಹೊಕ್ಕನೆಂಬುದು ಇಂದಿನ ಗೃಹಸ್ಥನಿಗೆ ಅಷ್ಟಿಷ್ಟು ಸಮಾಧಾನವನ್ನು ಕೊಡಬಹುದು.

ಬಾಜೀರಾಯನು ಇಳಿದುಹೋದ ಆ ಘಾಟನ್ನು ಈಗಿನವರು ಮನೆಗಾಗಿ ಮತ್ತೆ ಹತ್ತುತ್ತಿದ್ದಾರೆ. ಪುಣೆಯಲ್ಲಿ ಜಾಗದ ಬೆಲೆ ಕೈಗೆಟುಕದಂತಾದ ಮೇಲೆ ಹಡಪಸರ, ಫುರಸುಂಗಿಗಳು ತುಂಬಿದವು. ಅವು ತುಂಬಿದ ಮೇಲೆ ಮಧ್ಯಮವರ್ಗದವರ ಕಣ್ಣು ಘಾಟಿನ ಮೇಲಕ್ಕೆ ಹೋಯಿತು. 2016ರಲ್ಲಿ ಪುರಂದರ ತಾಲೂಕಿನಲ್ಲಿ ವಿಮಾನನಿಲ್ದಾಣದ ಪ್ರಸ್ತಾಪ ಬಂದ ಬಳಿಕ ನಿವೇಶನಗಳ ಮಾತು ಇನ್ನಷ್ಟು ಬಿಸಿಯಾಯಿತು. ಹೀಗೆ ಹೋದವರಲ್ಲಿ ಒಂದು ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಯಜಮಾನನು ಗದಗಿನ ಕಡೆಯವನು, ಪುಣೆಯ ಕಾರಖಾನೆಯೊಂದರಲ್ಲಿ ನೌಕರ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಊರಿನಿಂದ ಬಂದಿರುವ ಎಪ್ಪತ್ತು ದಾಟಿದ ತಾಯಿ. ಹಡಪಸರದಲ್ಲಿ ಬಾಡಿಗೆಯ ಮನೆ. ಸಾಸವಡದಲ್ಲಿ ಎರಡು ಗುಂಟೆ, ಎಂದರೆ 2,178 ಚದರ ಅಡಿ ನಿವೇಶನ. ಊರಲ್ಲಿ ಪಹಣಿ ನೋಡಿ ಬಲ್ಲವನಿಗೆ ಇಲ್ಲಿಯ ಸಾತ್‌ಬಾರಾ ಉತಾರವನ್ನು ಓದಿಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟ ತೊಡಗಿದ್ದು ಸ್ಲ್ಯಾಬು ಬಿದ್ದ ಮೇಲೆ.

ಅದಕ್ಕೆ ಕಾರಣವುಂಟು. ಬ್ಯಾಂಕು ಸಾಲದ ಹಣವನ್ನು ಅಡಿಪಾಯ, ಲಿಂಟೆಲು, ಸ್ಲ್ಯಾಬು ಎಂದು ಹಂತಹಂತವಾಗಿ ಬಿಡುಗಡೆ ಮಾಡುತ್ತದೆ. ಗುತ್ತಿಗೆದಾರನೂ ಅದೇ ಲೆಕ್ಕದಲ್ಲಿ ಹಣ ಪಡೆಯುತ್ತಾನೆ. ಸ್ಲ್ಯಾಬು ಮುಗಿಯುವ ಹೊತ್ತಿಗೆ ದೊಡ್ಡ ಮೊತ್ತವು ಅವನ ಕೈಸೇರಿರುತ್ತದೆ. ಉಳಿದಿರುವುದು ಅಲ್ಪ ಹಣ, ಬಹಳ ಕಿರಿಕಿರಿ. ಬೇರೆ ಕಡೆ ಹೊಸ ಅಡಿಪಾಯವೊಂದು ಅವನನ್ನು ಕರೆಯುತ್ತಿರುತ್ತದೆ. ಇನ್ನು ಈ ಕೊನೆಯ ಕೆಲಸಗಳೆಲ್ಲ ಒಂದರ ಬಾಲವನ್ನು ಒಂದು ಹಿಡಿದುಕೊಂಡಿರುವಂಥವು. ಕೊಳವೆ ಕೂಡದೆ ಫರಸಿಯವನು ಬಚ್ಚಲಿಗೆ ಕೈಹಚ್ಚುವಂತಿಲ್ಲ. ಫರಸಿ ಆಗದೆ ಬಡಗಿಯು ಕದದ ಕೆಳಅಂಚನ್ನು ಅಳೆಯುವಂತಿಲ್ಲ. ಮರದ ಹೊಟ್ಟು ಹಾರುತ್ತಿರುವಷ್ಟು ದಿನ ಬಣ್ಣದವನು ಬರುವುದಿಲ್ಲ. ಅವನು ಬಂದು ಕೊನೆಯ ಕೈ ಬಣ್ಣವನ್ನು ಹೊಡೆದು ಹೋದ ಮರುದಿನವೇ ವಿದ್ಯುತ್ತಿನವನು ಪ್ರತ್ಯಕ್ಷನಾಗಿ, ಮರೆತಿದ್ದ ಒಂದು ಸ್ವಿಚ್ಚಿಗಾಗಿ ಆ ಗೋಡೆಯನ್ನೇ ಕೊರೆಯುತ್ತಾನೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಉದ್ಯಾ’. ಕರ್ನಾಟಕದ ಹಳ್ಳಿಗಳಲ್ಲಿ ಹಿಂದೊಮ್ಮೆ ದೆವ್ವವನ್ನು ತಿರುಗಿ ಕಳಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಇಲ್ಲಿ ಆ ಮಾತನ್ನು ಕೇಳಿ ತಿರುಗಿ ಹೋಗುವವನು ಮನೆಯ ಯಜಮಾನನೇ.

ಈ ‘ಉದ್ಯಾ’ಕ್ಕೆ ಬೆಲೆಯೆಷ್ಟೆಂಬುದನ್ನು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು. 25 ಲಕ್ಷ ರೂಪಾಯಿ ಸಾಲ ಬಿಡುಗಡೆಯಾಗಿದ್ದು, ಬಡ್ಡಿಯ ದರ ಶೇಕಡಾ 9 ಎಂದಿಟ್ಟುಕೊಂಡರೆ ವರ್ಷಕ್ಕೆ 2,25,000, ತಿಂಗಳಿಗೆ 18,750 ರೂಪಾಯಿ ಬಡ್ಡಿ. ಮನೆ ಮುಗಿಯುವವರೆಗೆ ಬಡ್ಡಿಯನ್ನಷ್ಟೇ ತುಂಬುವವರಿಗೆ ಇದರಲ್ಲಿ ಅಸಲಿನ ಒಂದು ರೂಪಾಯಿಯೂ ತೀರುವುದಿಲ್ಲ. ಹಳೆಯ ಮನೆಯ ಬಾಡಿಗೆ 15,000 ಎಂದು ಕೂಡಿಸಿದರೆ ತಿಂಗಳಿಗೆ 33,750. ದಿನಕ್ಕೆ 1,125 ರೂಪಾಯಿ. ಇನ್ನೂರು ರೂಪಾಯಿಯ ಕೀಲಿಗಾಗಿ ಒಂದು ವಾರ ಕಾದರೆ ಆ ಕೀಲಿಯ ಬೆಲೆ ಎಂಟು ಸಾವಿರವನ್ನು ದಾಟುತ್ತದೆ. ಆದ್ದರಿಂದ ಗುತ್ತಿಗೆಯ ಒಟ್ಟು ಮೊತ್ತದಲ್ಲಿ ಶೇಕಡಾ ಹತ್ತನ್ನಾದರೂ ಕೊನೆಯ ಕೆಲಸ ಮುಗಿಯುವವರೆಗೆ ಕೊಡದೆ ಉಳಿಸಿಕೊಳ್ಳುವ ಕರಾರನ್ನು ಮೊದಲೇ ಬರೆಸಿಕೊಂಡವನು ಜಾಣ. ಸ್ಲ್ಯಾಬು ಬಿದ್ದ ಸಂತೋಷದಲ್ಲಿ ಕೈಸಡಿಲ ಮಾಡಿದವನಿಗೆ ಆಮೇಲೆ ಹಿಡಿತವಿರುವುದಿಲ್ಲ.

ಎರಡು ಕಡೆಯ ಖರ್ಚಿನ ಒತ್ತಡಕ್ಕೆ ಪಂಚಾಂಗದ ಒತ್ತಡವೂ ಸೇರುತ್ತದೆ. ಆಷಾಢದಲ್ಲಿ ಗೃಹಪ್ರವೇಶ ಕೂಡದು. ಆದ್ದರಿಂದ ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಗಿಲಾವು ಮಾಡಿ, ನೀರುಣಿಸಿ, ಜೂನಿನಲ್ಲಿ ಬಣ್ಣ ಬಳಿದು ಒಳಗೆ ಹೋದರೆ, ಗೋಡೆಯೊಳಗಿನ ನೀರು ಹೊರಬೀಳುವ ಮುನ್ನವೇ ಮಳೆಗಾಲ ಹಿಡಿದಿರುತ್ತದೆ. ಶನಿವಾರವಾಡೆಯ ಪ್ರವೇಶವು ಜನವರಿಯಲ್ಲಿ, ಒಣಹವೆಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಹಸಿಗೋಡೆಯ ಮೇಲೆ ಬೂಸಲು ಹಬ್ಬುತ್ತದೆ; ಕಪಾಟಿನ ಹಿಂದೆ, ಹಾಸಿಗೆಯ ತಲೆಯ ಕಡೆ ಅದು ಕಣ್ಣಿಗೂ ಬೀಳುವುದಿಲ್ಲ. ತೇವ ಮತ್ತು ಬೂಸಲು ಇರುವ ಮನೆಗಳಲ್ಲಿ ಉಬ್ಬಸ ಹಾಗೂ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಪರೀಕ್ಷೆಯು ಸುಲಭ. ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಅಂಟುವಂತೆ ಪಟ್ಟಿ ಹಚ್ಚಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಒಳಬದಿಯಲ್ಲಿ ನೀರಿನ ಹನಿ ಕಂಡರೆ ಆ ಗೋಡೆ ಇನ್ನೂ ಬಣ್ಣಕ್ಕೂ ಸಿದ್ಧವಾಗಿಲ್ಲ, ಮಲಗುವವರಿಗೂ ಸಿದ್ಧವಾಗಿಲ್ಲ.

ಹೊಸ ಮನೆಯ ವಾಸನೆಯನ್ನು ಮೆಚ್ಚುವವರಿದ್ದಾರೆ. ಆ ವಾಸನೆಯಲ್ಲಿ ಬಣ್ಣದ ದ್ರಾವಕವಿದೆ, ಪ್ಲೈವುಡ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅನಿಲವಿದೆ. ಈ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಕೆಲವು ವಾರ ಕಿಟಕಿಗಳನ್ನು ತೆರೆದಿಟ್ಟರೆ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ. ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ಭಾರತದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲಿನ ಬರೆಹವನ್ನು ಓದಿ ಕೊಳ್ಳುವುದು ಮಕ್ಕಳಿರುವ ಮನೆಗೆ ಅವಶ್ಯ. ಫರಸಿಗೆ ಅಂಟಿದ ಸಿಮೆಂಟನ್ನು ತೆಗೆಯಲು ಆಸಿಡ್ ಸುರಿಯುವ ರೂಢಿಯಂತೂ ಎಲ್ಲೆಡೆಯೂ ಇದೆ. ಆಸಿಡ್ ಸುರಿದಲ್ಲಿಯೇ ಬ್ಲೀಚಿಂಗ್ ಪೌಡರನ್ನೂ ಚೆಲ್ಲಿದರೆ ಕ್ಲೋರಿನ್ ಎಂಬ ವಿಷಾನಿಲವೇಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ನೀರಿನ ವಿಷಯ ಇನ್ನೂ ಗಂಭೀರ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಒಣಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ ನೀರುಣಿಸಬೇಕೆಂದು ಭಾರತೀಯ ಮಾನಕ ಸಂಹಿತೆಯು ವಿಧಿಸುತ್ತದೆ. ಅದಕ್ಕಾಗಿ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಡೆಂಗ್ಯೂ, ಚಿಕೂನ್‌ಗುನ್ಯಾ, ಝೀಕಾಗಳನ್ನು ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಬೇಕಾಗುವುದೂ ಸುಮಾರು ಅಷ್ಟೇ ದಿನ! ಪುರಂದರದಂಥ ಬರದ ಸೀಮೆಯಲ್ಲಿ ಟ್ಯಾಂಕರಿನ ನೀರನ್ನು ಪೀಪಾಯಿಗಳಲ್ಲಿ ತುಂಬಿಡುವುದು ಅನಿವಾರ್ಯವಾದ್ದರಿಂದ ಸೊಳ್ಳೆಗೆ ಬರಗಾಲವೆಂಬುದಿಲ್ಲ. ಮಹಾರಾಷ್ಟ್ರದ ಮೊದಲ ಝೀಕಾ ಪ್ರಕರಣವು 2021ರ ಜುಲೈನಲ್ಲಿ ಪತ್ತೆಯಾದದ್ದು ಇದೇ ತಾಲೂಕಿನ ಬೆಲಸರ ಗ್ರಾಮದಲ್ಲಿ. 2024ರಲ್ಲಿ ಪುಣೆ ನಗರದಲ್ಲಿಯೂ ಅದು ಕಾಣಿಸಿಕೊಂಡಿತು. ಗರ್ಭಿಣಿಯರಿಗೆ, ಹುಟ್ಟಲಿರುವ ಕೂಸಿಗೆ ಈ ರೋಗ ಕಂಟಕಪ್ರಾಯ. ವಾರಕ್ಕೊಮ್ಮೆ ಪೀಪಾಯಿಗಳನ್ನು ಬರಿದುಮಾಡಿ ಒಳಬದಿಯನ್ನು ತಿಕ್ಕಿ ಒಣಗಿಸುವುದು, ಮುಚ್ಚಳವಿಡುವುದು, ಗೋಡೆಗಳಿಗೆ ಹಸಿಗೋಣಿಯನ್ನು ಹೊದಿಸಿ ನೀರುಣಿಸುವುದು: ಇಷ್ಟನ್ನು ಗೌಂಡಿಗೆ ಹೇಳಿದರೆ ಸಾಲದು, ನಿಂತು ಮಾಡಿಸಬೇಕು.

ಮುದುಕರಿಗೆ ಇದೆಲ್ಲಕ್ಕಿಂತ ಹತ್ತಿರದ ಶತ್ರು ನುಣುಪಾದ ಫರಸಿ ಮತ್ತು ರೇಲಿಂಗಿಲ್ಲದ ಮೆಟ್ಟಿಲು. ರೇಲಿಂಗು ಎಂಬುದು ಏಕೋ ಎಲ್ಲ ಮನೆಗಳಲ್ಲಿಯೂ ಕಟ್ಟಕಡೆಗೆ ಬರುವ ವಸ್ತು. ಪೂಜೆಯ ದಿನ ನೆಲವೆಲ್ಲ ಒದ್ದೆ, ಮೆಟ್ಟಿಲ ಮೇಲೆ ನೆಂಟರ ಓಡಾಟ, ದೀಪ ಇನ್ನೂ ಗುತ್ತಿಗೆದಾರನ ತಾತ್ಕಾಲಿಕ ತಂತಿಯಿಂದ. ಎಪ್ಪತ್ತರ ವಯಸ್ಸಿನಲ್ಲಿ ತೊಡೆಯ ಎಲುಬು ಮುರಿದರೆ ಅನೇಕರು ಮೊದಲಿನಂತೆ ನಡೆದಾಡುವುದಿಲ್ಲ.

ಕಾನೂನಿನ ಬಲವೂ ಇದೆ, ಆದರೆ ಅದರ ಮೇರೆಯನ್ನು ತಿಳಿದಿರಬೇಕು. 2016ರ ರೇರಾ ಕಾಯದೆಯಂತೆ ಬಿಲ್ಡರನು ಹೇಳಿದ ದಿನಕ್ಕೆ ಮನೆಯನ್ನು ಕೊಡದಿದ್ದರೆ ಗ್ರಾಹಕನು ಹಣವನ್ನು ಬಡ್ಡಿಸಮೇತ ಹಿಂದಕ್ಕೆ ಕೇಳಬಹುದು. ಮನೆಯೇ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಸ್ವಾಧೀನದ ನಂತರ 5 ವರ್ಷಗಳೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರನು ಅದನ್ನು 30 ದಿನಗಳಲ್ಲಿ ಸರಿಪಡಿಸಿಕೊಡಬೇಕು. ಆದರೆ 500 ಚದರ ಮೀಟರನ್ನು ಮೀರದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗೆ ನೋಂದಣಿಯ ಕಟ್ಟುಪಾಡಿಲ್ಲ. ಸ್ವಂತ ನಿವೇಶನದಲ್ಲಿ ಗುತ್ತಿಗೆಯಿಂದ ಕಟ್ಟಿಸಿದವನಿಗೆ ಈ ಬಾಗಿಲೂ ಇಲ್ಲ. ಅವನಿಗೆ ಉಳಿದಿರುವುದು ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದೂ ಒಂದು ಸೇವೆಯೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ತೀರ್ಪಿತ್ತಿದೆ. ಅಲ್ಲಿ ಕೆಲಸಕ್ಕೆ ಬರುವುದು ಬರೆಹದಲ್ಲಿರುವ ಕರಾರು, ತಾರೀಖು ಹಾಕಿದ ರಸೀದಿ ಮತ್ತು ಬಾಕಿ ಕೆಲಸದ ಪಟ್ಟಿಗೆ ಗುತ್ತಿಗೆದಾರನ ಸಹಿ. ನಗರಪರಿಷತ್ತಿನ ‘ಭೋಗವಟಾ’ ಪತ್ರ ಸಿಗುವ ಮುನ್ನ ವಾಸಕ್ಕೆ ಹೋಗುವುದು ನಿಯಮಬಾಹಿರವೆಂಬುದನ್ನೂ ಮರೆಯಬಾರದು.

ಊಹೆಯ ಆ ಗದಗಿನ ಗೃಹಸ್ಥನ ಮುಂದೆ ಈಗ ಎರಡು ದಾರಿಗಳಿವೆ. ಮುಹೂರ್ತವನ್ನು ಬಿಡಲು ತಾಯಿ ಒಪ್ಪುವುದಿಲ್ಲ, ಗೋಡೆ ಒಣಗಿಲ್ಲ. ಹಾಲುಕ್ಕಿಸುವ ಶಾಸ್ತ್ರವನ್ನು ಆ ದಿನವೇ ಮಾಡಿ, ಕಿಟಕಿಗಳನ್ನು ತೆರೆದು ಹೋಮ ಮುಗಿಸಿ, ತಾಯಿಯನ್ನು ಕೆಳಗಿನ ಕೋಣೆಯಲ್ಲಿಯೇ ಕೂಡಿಸಿ, ಸಂಜೆಯ ಬಸ್ಸಿಗೆ ಎಲ್ಲರೂ ಹಡಪಸರಕ್ಕೆ ಹಿಂತಿರುಗಬಹುದು. ಶಾಸ್ತ್ರವೂ ಕೆಡುವುದಿಲ್ಲ. ಜ್ಯೇಷ್ಠದ ಕೊನೆಯಲ್ಲಿ ಜ್ಞಾನೇಶ್ವರರ ಪಾಲಖಿ ದಿವೆ ಘಾಟನ್ನು ಹತ್ತಿ ಸಾಸವಡದಲ್ಲಿ ತಂಗುವ ದಿನಗಳಲ್ಲಿ ವಾಹನಗಳಿಗೆ ಆ ದಾರಿ ಹೇಗೂ ಬಂದ್; ಮರಳೂ ಬಾರದು, ಬಡಗಿಯೂ ಬಾರನು. ಮಳೆ ನಿಂತು, ರೇಲಿಂಗು ಕೂತು, ಮೀಟರು ತಿರುಗತೊಡಗಿ, ಪ್ಲಾಸ್ಟಿಕ್ ಹಾಳೆಯ ಒಳಬದಿ ಒಣಗಿರುವುದನ್ನು ನೋಡಿ ದಸರೆಯ ಹೊತ್ತಿಗೆ ಪಾತ್ರೆಪಡಗಗಳ ಲಾರಿಯನ್ನು ಘಾಟು ಹತ್ತಿಸಿದರೆ, ಆ ಕುಟುಂಬಕ್ಕೆ ಹೆಚ್ಚಾಗಿ ಬಿದ್ದ ಖರ್ಚು ನಾಲ್ಕು ತಿಂಗಳ ಬಾಡಿಗೆ, 60,000 ರೂಪಾಯಿ.