ತೋಳು ಕೂಡಿದೆ, ಟ್ರ್ಯಾಕಿಗೆ ಇಳಿಯಲೇ?

ಪ್ರಶ್ನೆ: ಹವ್ಯಾಸಿ ಬೈಕ್ ರೇಸಿನಲ್ಲಿ ಬಿದ್ದು ತೋಳು ಮುರಿದಿತ್ತು. ಈಗ ನೋವಿಲ್ಲ. ಮತ್ತೆ ಸ್ಪರ್ಧಿಸಬಹುದೇ?

ಉತ್ತರ: ನೋವಿಲ್ಲ ಎಂದ ಮಾತ್ರಕ್ಕೆ ಮೂಳೆ ಗಟ್ಟಿಯಾಗಿದೆ ಎನ್ನಲಾಗದು. 2020ರ ಜುಲೈನಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಬಿದ್ದ ವೃತ್ತಿಪರ ಬೈಕ್ ರೇಸರ್ ಮಾರ್ಕ್ ಮಾರ್ಕೆಸ್ ಅವರ ಬಲ ಮೇಲ್ತೋಳಿನ ಮೂಳೆ ಮುರಿಯಿತು. ಪ್ಲೇಟ್ ಹಾಕಿಸಿಕೊಂಡು ಅದೇ ವಾರ ಬೈಕ್ ಏರಿದರು. ಕೆಲವೇ ದಿನಗಳಲ್ಲಿ ಪ್ಲೇಟೇ ಕೈಕೊಟ್ಟಿತು. ಆ ವರ್ಷ ಮತ್ತೆ ರೇಸಿಗಿಳಿಯಲಿಲ್ಲ. 2022ರ ಹೊತ್ತಿಗೆ ಅದೇ ತೋಳಿಗೆ ನಾಲ್ಕು ಶಸ್ತ್ರಚಿಕಿತ್ಸೆ! ರೇಸೇ ಹೊಟ್ಟೆಪಾಡಾದ ಅವರ ಆತುರಕ್ಕಾದರೂ ಅರ್ಥವಿದೆ, ನಿಮಗೇನು ಅವಸರ?

ಎಕ್ಸ್‌ರೇ ತೆಗೆಸಿ ಮೂಳೆವೈದ್ಯರನ್ನು ಕೇಳಿ. ಜೋರಾಗಿ ಬ್ರೇಕ್ ಹಿಡಿದಾಗ ಮೈಭಾರ ತೋಳಿಗೇ ಬೀಳುತ್ತದೆ. ದಂಡ ಹೊಡೆಯುವಾಗಲೇ ಕೈ ನಡುಗಿದರೆ ಇನ್ನಷ್ಟು ಕಾಯಿರಿ. ಆಮೇಲೂ ಮೊದಲು ಒಬ್ಬರೇ ಅಭ್ಯಾಸ ಮಾಡಿ. ವಿಮೆಯ ಷರತ್ತನ್ನೂ ಓದಿ, ಸಾಮಾನ್ಯ ವಾಹನ ವಿಮೆ ರೇಸಿನ ನಷ್ಟ ಭರಿಸುವುದಿಲ್ಲ.