ಹಳೇ ಪಿಸಿಗೆ ಗ್ರಾಫಿಕ್ಸ್ ಕಾರ್ಡ್: ಅಂಗಡಿಗೆ ಹೋಗುವ ಮೊದಲು ಡಬ್ಬಿ ಬಿಚ್ಚಿ ನೋಡಿ

ಹುಲಿ ಎರಡು ಹೆಜ್ಜೆ ಹಾಕಿ ನಿಂತುಬಿಡುತ್ತಿತ್ತು. ಮತ್ತೆ ಎರಡು ಹೆಜ್ಜೆ, ಮತ್ತೆ ಸ್ತಬ್ಧ. ಕುದ್ರೋಳಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ದಸರಾ ಶೋಭಾಯಾತ್ರೆಯ ಹುಲಿವೇಷವನ್ನು ಐಫೋನಿನಲ್ಲಿ 4ಕೆ ವಿಡಿಯೊ ಮಾಡಿದ್ದ. ವಾರದೊಳಗೆ ಎಡಿಟ್ ಮಾಡಿ ತಂಡಕ್ಕೆ ಕೊಡಬೇಕು. ಮದುವೆ, ಗೃಹಪ್ರವೇಶದ ವಿಡಿಯೊಗಳೇ ಅವನ ಮನೆಯ ಅಕ್ಕಿ-ಬೇಳೆ. ಕೈಯಲ್ಲಿ ಚೀಟಿಯಿಂದ ಎತ್ತಿದ 15,000 ರೂಪಾಯಿ. "ಅಣ್ಣಾ, ನೀವು ಇಂಜಿನಿಯರ್ ಅಲ್ವಾ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕ್ಲಿ?" ಅಂತ ಬಂದ.

ಇಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದವನಿಗೆ ಇಂಥ ಮರ್ಯಾದೆ ಅಪರೂಪ. ಆದರೆ ಕಾರ್ಡ್ ವಿಷಯದಲ್ಲಿ ನಾನೇ ಒಮ್ಮೆ ಟೋಪಿ ಹಾಕಿಸಿಕೊಂಡವನು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ್ದ 'ಜಿಟಿಎಕ್ಸ್ 1050 ಟಿಐ' ಒಳಗೆ ಇದ್ದದ್ದು ಅದಕ್ಕಿಂತ ವರ್ಷಗಟ್ಟಲೆ ಹಳೆಯ ಚಿಪ್. ಬಯೋಸ್ ತಿದ್ದಿ ಹೆಸರು ಮಾತ್ರ ಬದಲಿಸಿದ್ದರು. ಅಂದಿನಿಂದ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಪೆನ್‌ಡ್ರೈವಿನಲ್ಲೇ ಇಟ್ಟುಕೊಂಡಿದ್ದೇನೆ. ಇಂಥ ವೇಷಧಾರಿಗಳನ್ನು ಅದು ಹೆಚ್ಚಾಗಿ ಹಿಡಿದು 'ಫೇಕ್' ಎಂದೇ ತೋರಿಸುತ್ತದೆ.

ಹಾಗಾಗಿ ಕಾರ್ಡಿನ ಮಾತು ಆಮೇಲೆ, ಮೊದಲು ಹುಲಿ ಯಾಕೆ ನಿಲ್ಲುತ್ತಿದೆ ನೋಡೋಣ ಅಂದೆ. ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ತೆರೆದು ವಿಡಿಯೊ ಓಡಿಸಿದೆವು. ಸಿಪಿಯು 100%. 8 ಜಿಬಿ ರ‍್ಯಾಮ್ ತುಂಬಿ ತುಳುಕುತ್ತಿದೆ. ಹಾರ್ಡ್ ಡಿಸ್ಕೂ 100%. ಅಂದರೆ ಕಾಯಿಲೆ ಒಂದಲ್ಲ, ಮೂರು.

ಸಿಪಿಯು ಯಾಕೆ ಒದ್ದಾಡುತ್ತಿತ್ತು ಅನ್ನೋದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. 2017ರಿಂದ ಈಚೆಗೆ ಐಫೋನುಗಳು ಜಾಗ ಉಳಿಸಲು ವಿಡಿಯೊವನ್ನು ಎಚ್‌ಇವಿಸಿ ಎಂಬ ಮಾದರಿಯಲ್ಲಿ ಕುಗ್ಗಿಸಿ ಇಡುತ್ತವೆ. ಅದನ್ನು ಬಿಡಿಸಲು ಚಿಪ್‌ನೊಳಗೆ ಪ್ರತ್ಯೇಕ ಸರ್ಕೀಟ್ ಬೇಕು. ಇವನದ್ದು ಇಂಟೆಲ್ ನಾಲ್ಕನೇ ತಲೆಮಾರಿನ ಐ5-4460, 2014ರ ಮಾಲು. ಇಂಟೆಲ್ ಆ ಕೆಲಸಕ್ಕೆ ಪೂರ್ತಿ ಸರ್ಕೀಟ್ ಕೊಟ್ಟದ್ದೇ ಆರನೇ ತಲೆಮಾರಿನಿಂದ. ಹಾಗಾಗಿ ಲೆಕ್ಕವೆಲ್ಲ ಸಿಪಿಯು ತಲೆಯ ಮೇಲೆ. ಇಲ್ಲಿ ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಆದರೆ ಗೇಮ್ ಆಡುವವರು ನೋಡುವ 'ಎಷ್ಟು ಎಫ್‌ಪಿಎಸ್' ಲೆಕ್ಕದಿಂದಲ್ಲ. ವಿಡಿಯೊ ಬಿಡಿಸುವ ಡಿಕೋಡರ್, ಕುಗ್ಗಿಸುವ ಎನ್‌ಕೋಡರ್ ಎರಡೂ ಅದರಲ್ಲಿ ಉಂಟಾ ಅನ್ನೋದೇ ಪ್ರಶ್ನೆ.

ಈ ಪ್ರಶ್ನೆ ಕೇಳಿದ ಕೂಡಲೇ ಪಟ್ಟಿ ಸಣ್ಣದಾಗುತ್ತದೆ. ಅಂಗಡಿಯವರು ಕಡಿಮೆ ಬಜೆಟ್ಟಿಗೆ ಮೊದಲು ತೋರಿಸುವ ಜಿಟಿ 1030ರಲ್ಲಿ ಎನ್‌ಕೋಡರ್ ಇಲ್ಲ. ಅದರಲ್ಲೂ ಒಂದೇ ಹೆಸರಲ್ಲಿ ಎರಡು ಕಾರ್ಡು: ಜಿಡಿಡಿಆರ್5 ಇರುವುದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, 2018ರಲ್ಲಿ ಬಂದ ಡಿಡಿಆರ್4 ಆವೃತ್ತಿ ಸುಮಾರು 17 ಜಿಬಿ ಮಾತ್ರ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದದಿದ್ದರೆ ಮುಗೀತು.

ಎಎಂಡಿಯ ಆರ್‌ಎಕ್ಸ್ 6400 ಕಾಗದದ ಮೇಲೆ ಚೆಂದ. 2022ರದ್ದು, 53 ವ್ಯಾಟ್ ಸಾಕು. ಅದರಲ್ಲೂ ಎನ್‌ಕೋಡರ್ ಇಲ್ಲ. ಹೋಗಲಿ, ಗೇಮಿಗಾದರೂ ಹಾಕೋಣವೆಂದರೆ ಹಳೇ ಪಿಸಿಯಲ್ಲಿ ಇನ್ನೊಂದು ಕಂಟಕ. ಇವನ ಮದರ್‌ಬೋರ್ಡ್ ಎಚ್81. ಅದರ ದೊಡ್ಡ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 2.0. ಈ ಕಾರ್ಡ್ ಬಳಸುವುದು ನಾಲ್ಕೇ ಲೇನ್. ನಾಲ್ಕನೇ ಆವೃತ್ತಿಯ ಸ್ಲಾಟಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುವ ಕಡೆ ಇಲ್ಲಿ 2 ಜಿಬಿ. ನಾಲ್ಕು ಲೇನಿನ ಹೆದ್ದಾರಿಗೆ ಮಾಡಿದ ಬಸ್ಸನ್ನು ಅಳಕೆಯ ಓಣಿಗೆ ನುಗ್ಗಿಸಿದ ಹಾಗೆ. ಇಂಟೆಲ್‌ನ ಆರ್ಕ್ ಎ380ಕ್ಕೆ ಎನ್‌ಕೋಡರ್ ಭರ್ಜರಿ, ಆದರೆ ಅದು ಸರಿಯಾಗಿ ಓಡಲು ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. ಇಷ್ಟು ಹಳೇ ಬೋರ್ಡುಗಳಲ್ಲಿ ಅದು ಸಿಗುವುದಿಲ್ಲ.

ಆಮೇಲೆ ಕರೆಂಟು. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಪವರ್ ಸಪ್ಲೈಯಿಂದ ನೇರ ತಂತಿ ಬೇಕು: ಆರು ಪಿನ್ನಾದರೆ ಇನ್ನು 75, ಎಂಟು ಪಿನ್ನಾದರೆ 150. ಡಬ್ಬಿ ಬಿಚ್ಚಿ ನೋಡಿದರೆ ಇವನದ್ದು ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಪವರ್ ಸಪ್ಲೈ. ಮೇಲೆ '450 ವ್ಯಾಟ್' ಅಂತ ಬರೆದಿದೆ, ಆದರೆ ಆರು ಪಿನ್ನಿನ ತಂತಿಯೇ ಇಲ್ಲ. ಹಾರ್ಡ್ ಡಿಸ್ಕಿನ ತಂತಿಯಿಂದ ಕನ್ವರ್ಟರ್ ಹಾಕಿ ಎಳೆಯುವ ಐಡಿಯಾ ಅವನ ಗೆಳೆಯನೊಬ್ಬ ಕೊಟ್ಟಿದ್ದನಂತೆ. ದಮ್ಮಯ್ಯ, ಅದು ಮಾಡಬೇಡಿ. ಗುಣಮಟ್ಟವಿಲ್ಲದ ಸಪ್ಲೈ ಸಾಯುವಾಗ ಒಂಟಿಯಾಗಿ ಸಾಯದೆ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಒಳಗೆ ಕಡಲ ಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು, ಫ್ಯಾನಿನಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಅದನ್ನು ಉಜ್ಜಿದ್ದಕ್ಕೇ ಅರ್ಧ ಭಾನುವಾರ ಹೋಯಿತು.

ಉಳಿದದ್ದು ಎರಡು. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ 70 ವ್ಯಾಟಿನಲ್ಲಿ ನಡೆಯುತ್ತದೆ, ತಂತಿ ಬೇಡ. ಆದರೆ ನಮ್ಮ ಬಜೆಟ್ಟಿಗೆ ಎಟುಕಲಿಲ್ಲ. ಇನ್ನೊಂದು 2019ರ ಜಿಟಿಎಕ್ಸ್ 1650: 4 ಜಿಬಿ, 75 ವ್ಯಾಟ್, 16 ಲೇನ್, ಡಿಕೋಡರ್ ಎನ್‌ಕೋಡರ್ ಎರಡೂ ಉಂಟು. ಇದರಲ್ಲೂ ಕೆಲವು ಮಾಡೆಲ್‌ಗೆ ಆರು ಪಿನ್ನಿನ ತಂತಿ ಬೇಕು, ಹಲವಕ್ಕೆ ಬೇಡ. ಬೇಡದ್ದನ್ನೇ ಹುಡುಕಿದೆವು, ಸೆಕೆಂಡ್ ಹ್ಯಾಂಡ್. ಮಾರುವವನ ಮನೆಯಲ್ಲೇ ಕೂತು ಅರ್ಧ ಗಂಟೆ ಓಡಿಸಿ, ಜಿಪಿಯು-ಝಡ್ ಹಾಕಿ, ಫ್ಯಾನ್ ಸದ್ದು ಕೇಳಿ ದುಡ್ಡು ಕೊಟ್ಟದ್ದು. ಸಂಕೋಚ ಮಾಡಿಕೊಳ್ಳಬೇಡಿ. ಓಡಿಸಿ ತೋರಿಸದವನ ಕಾರ್ಡ್ ನಮಗೆ ಬೇಡ.

ಮಿಕ್ಕ ದುಡ್ಡಿಗೆ ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ‍್ಯಾಮ್, ಒಂದು ಮಟ್ಟಿಗಿನ ಪವರ್ ಸಪ್ಲೈ. ಹೊಸ ಕಾರ್ಡ್ ಬೇಕೇಬೇಕು ಅಂತ ಹಟ ಹಿಡಿದಿದ್ದರೆ ಇವು ಮೂರೂ ಬರುತ್ತಿರಲಿಲ್ಲ. ದಿನದ ಕೆಲಸದಲ್ಲಿ ಅವನಿಗೆ ಹೆಚ್ಚು ಗೊತ್ತಾಗುತ್ತಿರುವುದು ಎಸ್‌ಎಸ್‌ಡಿಯ ವೇಗವೇ.

ಒಂದು ಮಾತನ್ನು ಅವನಿಗೆ ನೇರವಾಗಿ ಹೇಳಿದ್ದೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಸಾಮಾನ್ಯ ಬೆಂಬಲದ ಕೊನೆಯ ದಿನ 2025ರ ಅಕ್ಟೋಬರ್ 14. ನಾಲ್ಕನೇ ತಲೆಮಾರಿನ ಸಿಪಿಯು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಯಾವ ಕಾರ್ಡ್ ಹಾಕಿದರೂ ಅದು ಬದಲಾಗುವುದಿಲ್ಲ. ಈ ಪಿಸಿಯ ಆಯುಷ್ಯ ಇನ್ನು ಸ್ವಲ್ಪವೇ. ಆದರೆ ಕಾರ್ಡ್, ಎಸ್‌ಎಸ್‌ಡಿ, ಪವರ್ ಸಪ್ಲೈ ಮುಂದಿನ ಪಿಸಿಗೂ ಹೋಗುತ್ತವೆ. ರ‍್ಯಾಮ್ ಮಾತ್ರ ಡಿಡಿಆರ್3, ಇಲ್ಲೇ ಉಳಿಯುತ್ತದೆ.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪು! ಐದು ನಿಮಿಷ ಇಬ್ಬರಿಗೂ ಬೆವರು. ಮಾನಿಟರ್ ತಂತಿ ಇನ್ನೂ ಮದರ್‌ಬೋರ್ಡಿಗೇ ಚುಚ್ಚಿತ್ತು, ಅದೂ ನೀಲಿ ಬಣ್ಣದ ವಿಜಿಎ. ಕಾರ್ಡಿನಲ್ಲಿ ವಿಜಿಎ ಇಲ್ಲ. ಎದುರು ಮನೆಯ ಟಿವಿಯ ಎಚ್‌ಡಿಎಂಐ ಕೇಬಲ್ ಸಾಲ ತಂದು, ಆ ರಾತ್ರಿ ಮಾನಿಟರ್ ಬದಲು ಟಿವಿಯಲ್ಲೇ ಎಡಿಟ್ ಮಾಡಿದ. ಹುಲಿ ಸರಾಗವಾಗಿ ಕುಣಿಯಿತು. ಕೇಬಲ್ ಇನ್ನೂ ವಾಪಸ್ ಕೊಟ್ಟಿಲ್ಲ ಅಂತ ಎದುರು ಮನೆಯವರು ನನ್ನನ್ನೇ ಕೇಳುತ್ತಿದ್ದಾರೆ.